ಕುಶನ್ ಅಂಗಡಿಯಲ್ಲಿ ಹೊಲಿಸಿದ ಸೈಕಲ್ ಬ್ಯಾಗು: ಒಂದು ವರ್ಷ ಬಳಸಿದ ಮೇಲೆ

ಮೊದಲೇ ಲೆಕ್ಕ ಹೇಳಿಬಿಡುತ್ತೇನೆ. ಮೂರು ಬ್ಯಾಗು, ಒಟ್ಟು 1,900 ರೂಪಾಯಿ. ಒಂದು ಫ್ರೇಮಿನ ತ್ರಿಕೋನದೊಳಗೆ ಕೂರುತ್ತದೆ, ಒಂದು ಸೀಟಿನ ಹಿಂದೆ, ಇನ್ನೊಂದು ಹ್ಯಾಂಡಲಿಗೆ. ಬಟ್ಟೆ ಲಾರಿಗೆ ಹೊದಿಸುವ ದಪ್ಪ ಟರ್ಪಾಲು, ನೀಲಿ ಬಣ್ಣ. ಹೊಲಿದದ್ದು ಉಡುಪಿ ಹತ್ತಿರದ ಒಂದು ಕುಶನ್ ಅಂಗಡಿಯಲ್ಲಿ. ರಿಕ್ಷಾದ ಹುಡ್, ಬೈಕಿನ ಸೀಟು, ಜೀಪಿನ ಪರದೆ ಹೊಲಿಯುತ್ತಾರಲ್ಲ, ಅಂಥ ಅಂಗಡಿ. ಇದಕ್ಕೆ ಮೊದಲು ಅವರು ಸೈಕಲಿಗೆ ಏನನ್ನೂ ಹೊಲಿದವರಲ್ಲ. ಕಳೆದ ಜೂನಿನಲ್ಲಿ ಕೈಗೆ ಬಂತು. ಇಡೀ ಮಳೆಗಾಲ, ಆಮೇಲೆ ಬಿಸಿಲುಗಾಲ ಎಲ್ಲ ಕಂಡಿದೆ. ಹೊಸತರ ಖುಷಿ ಇಳಿದ ಮೇಲೆಯೇ ಬರೆಯೋಣ ಎಂದು ಕಾದಿದ್ದೆ.

ಅಂಗಡಿಯ ಹೆಸರು ಹಾಕುವುದಿಲ್ಲ. ಹಾಕಲಾ ಎಂದು ಕೇಳಿದೆ. "ಬೇಡ ಅಕ್ಕ, ಇರುವ ಹುಡ್ಡೇ ಮುಗಿಯುವುದಿಲ್ಲ. ಇನ್ನು ಸೈಕಲಿನವರೂ ಬಂದರೆ ನಾನು ಎಂತ ಮಾಡುವುದು?" ಎಂದರು ಅಂಗಡಿಯ ಅಣ್ಣ. ಅವರ ಮಾತು ಸರಿ. ಅಂಗಡಿಯೊಳಗೆ ಕಾಲಿಡಲು ಜಾಗ ಇಲ್ಲ. ಆದರೆ ರಿಕ್ಷಾ ಸ್ಟ್ಯಾಂಡ್ ಇರುವ ಪೇಟೆಯಲ್ಲೆಲ್ಲ ಒಂದು ಕುಶನ್ ಅಂಗಡಿ ಇದ್ದೇ ಇರುತ್ತದೆ. ನಿಮ್ಮೂರಿನದ್ದೂ ಹೀಗೇ ಹೊಲಿದು ಕೊಟ್ಟೀತು.

ಸೈಕಲ್ ಬಗ್ಗೆ ಎರಡು ಮಾತು. ಮಣಿಪಾಲದಲ್ಲಿ ಓದು ಮುಗಿಸಿ ಊರಿಗೆ ಹೊರಟ ಹುಡುಗನೊಬ್ಬನಿಂದ ಕೊಂಡದ್ದು. ಸ್ಟೀಲ್ ಫ್ರೇಮು, 26 ಇಂಚಿನ ಚಕ್ರ, ಎರಡು ಇಂಚು ಅಗಲದ ಟಯರು. ಮುಂದೆ ಸಸ್ಪೆನ್ಷನ್ ಇಲ್ಲ. ಇಲ್ಲದ್ದೇ ಒಳ್ಳೆಯದಾಯಿತು. ಹ್ಯಾಂಡಲಿನ ಬ್ಯಾಗು ಕುಲುಕಿ ಟಯರಿಗೆ ತಾಗುವ ಭಯ ಇಲ್ಲ, ಉಪ್ಪುಗಾಳಿಗೆ ಕೆಡುವ ಒಂದು ಸಾಮಾನೂ ಕಡಿಮೆ.

ಬೈಕ್‌ಪ್ಯಾಕಿಂಗ್ ಎಂದರೆ ಏನೆಂದು ಸೊಸೈಟಿಯಲ್ಲಿ ನನ್ನ ಜೊತೆ ಕೆಲಸ ಮಾಡುವವರು ಈಗಲೂ ಕೇಳುತ್ತಾರೆ. ಸಾಮಾನನ್ನು ಸೈಕಲಿನ ಮೈಗೇ ಕಟ್ಟಿಕೊಂಡು ಊರೂರು ಹೋಗುವುದು, ಅಷ್ಟೇ. ಹಳೇ ಕ್ರಮದಲ್ಲಿ ಹಿಂದೆ ಮುಂದೆ ಕ್ಯಾರಿಯರ್ ಇರುತ್ತದೆ, ಅದರ ಎರಡೂ ಬದಿಗೆ ಪ್ಯಾನಿಯರ್ ಎಂಬ ದೊಡ್ಡ ಚೀಲ. ಡಾಮರು ರಸ್ತೆಗೆ ಅದಕ್ಕಿಂತ ಒಳ್ಳೆಯದು ಇಲ್ಲ. ಕಲ್ಲುಮಣ್ಣಿನ ದಾರಿಗೆ ಇಳಿದರೆ ಕ್ಯಾರಿಯರಿನ ಬೋಲ್ಟು ಸಡಿಲಾಗುತ್ತದೆ, ಇಕ್ಕಟ್ಟಿನ ಜಾಗದಲ್ಲಿ ಚೀಲ ಆಚೀಚೆ ಉಜ್ಜುತ್ತದೆ. ಅಲಾಸ್ಕದ ಇಡಿಟರಾಡ್ ದಾರಿಯಲ್ಲಿ ಚಳಿಗಾಲದ ಹಿಮದ ಮೇಲೆ ಸೈಕಲ್ ಓಡಿಸುವವರು ಫ್ರೇಮಿನ ಒಳಗಿನ ಖಾಲಿ ಜಾಗಕ್ಕೇ ಚೀಲ ಹೊಲಿಸಿಕೊಂಡರು. ಆಮೇಲೆ ಕೆನಡಾದ ಬ್ಯಾನ್ಫ್‌ನಿಂದ ಮೆಕ್ಸಿಕೊ ಗಡಿಯವರೆಗೆ ಹೋಗುವ ಗ್ರೇಟ್ ಡಿವೈಡ್ ದಾರಿಯ ಓಟಗಾರರಿಗೂ ಅದೇ ಬೇಕಾಯಿತು. ಅದು 4,000 ಕಿ.ಮೀ.ಗೂ ಜಾಸ್ತಿ, ಹೆಚ್ಚಿನದ್ದು ಮಣ್ಣಿನ ರಸ್ತೆ. ಅಲ್ಲಿಂದ ಅಂಗಡಿಗೆ ಬಂತು, ಬೆಲೆಯೂ ಏರಿತು.

ನನಗೆ ಹಿಮವೂ ಇಲ್ಲ, ಓಟವೂ ಇಲ್ಲ. ನನಗೆ ಹಿಡಿಸಿದ್ದು ಇದರ ಸಣ್ಣ ರೂಪ. ಅಮೆರಿಕದ ರಿವೆಂಡೆಲ್ ಸೈಕಲ್ ಕಂಪನಿ ಕಟ್ಟಿದ ಗ್ರಾಂಟ್ ಪೀಟರ್ಸನ್ ಅದಕ್ಕೆ ಎಸ್24ಒ ಎಂದು ಹೆಸರು ಕೊಟ್ಟರು. 24 ಗಂಟೆಯೊಳಗೆ ಹೋಗಿ, ಒಂದು ರಾತ್ರಿ ಹೊರಗೆ ಮಲಗಿ, ವಾಪಸ್ ಬರುವುದು. ರಜೆ ಹಾಕಬೇಕಾಗಿಲ್ಲ, ಮನೆಯವರಿಗೆ ಅಡುಗೆಯ ಚಿಂತೆ ಒಂದೇ ಹೊತ್ತು. ಶನಿವಾರ ಸೊಸೈಟಿ ಮುಚ್ಚಿದ ಮೇಲೆ ಹೊರಟರೆ ಭಾನುವಾರ ಮಧ್ಯಾಹ್ನದ ಊಟಕ್ಕೆ ಮನೆಯಲ್ಲಿ ಇರಬಹುದು. ನಮ್ಮ ಕರಾವಳಿಗೆ ಇದು ಹೇಳಿ ಮಾಡಿಸಿದ ಹಾಗಿದೆ. ಐದು ಕಿಲೋಮೀಟರಿಗೆ ಒಂದು ಹೋಟೆಲು. ಸ್ಟವ್ ಬೇಡ, ಪಾತ್ರೆ ಬೇಡ. ಟೆಂಟೂ ಬೇಡ, ಏಕೆಂದರೆ ಬೈಂದೂರಿನಿಂದ ಮುಲ್ಕಿ ತನಕ ಯಾರಾದರೂ ಒಬ್ಬರು ನೆಂಟರು ಇದ್ದೇ ಇರುತ್ತಾರೆ, ಮಲಗಲು ಚಾಪೆ ಕೊಡುತ್ತಾರೆ, ಬೆಳಿಗ್ಗೆ ಚಾ ಕುಡಿಯದೆ ಬಿಡುವುದಿಲ್ಲ. ಹಾಗಾಗಿ ನನ್ನ ಸಾಮಾನು ಇಷ್ಟೇ: ಒಂದು ಜೊತೆ ಬಟ್ಟೆ, ಬೈರಾಸು (ಟವೆಲ್), ಪಂಪು, ಟ್ಯೂಬು, ಪಂಕ್ಚರ್ ಸಾಮಾನು, ಸ್ಪ್ಯಾನರು, ಟಾರ್ಚು, ನೀರು, ನೆಂಟರ ಮನೆಗೆ ಒಂದು ಪೊಟ್ಟಣ ಚಕ್ಕುಲಿ.

ಇಷ್ಟಕ್ಕೆ ಎಷ್ಟು ಖರ್ಚು ಮಾಡಬೇಕು? ನನ್ನ ಸೋದರಳಿಯ ಮಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಾನೆ, ಅವನಿಗೂ ಸೈಕಲ್ ಹುಚ್ಚು. ಅವನು ಹೊರದೇಶದ ಸೀಟ್ ಬ್ಯಾಗು ತರಿಸಿದ. ಅದೊಂದಕ್ಕೇ 11,000 ರೂಪಾಯಿ. ನನ್ನ ಸೈಕಲೇ ಅಷ್ಟು ಬೆಲೆಯದ್ದಲ್ಲ. ಆಗಲೇ ಕುಶನ್ ಅಂಗಡಿಯ ನೆನಪು ಬಂದದ್ದು.

ಅಣ್ಣನ ಮೊದಲ ಪ್ರಶ್ನೆ, "ಇದರೊಳಗೆ ಎಂತ ಇಡ್ಲಿಕ್ಕೆ?"

ಬಟ್ಟೆ, ನೀರು, ಪಂಪು ಎಂದೆ.

"ಅದಕ್ಕೆ ಬೆನ್ನಿಗೆ ಹಾಕುವ ಬ್ಯಾಗ್ ಸಾಕಲ್ಲ ಅಕ್ಕ?"

"ಬೆನ್ನು ಬೆವರುತ್ತದೆ ಅಣ್ಣ. ಇಪ್ಪತ್ತು ಕಿಲೋಮೀಟರ್ ಆದ ಮೇಲೆ ಸೊಂಟ ಹಿಡಿಯುತ್ತದೆ."

"ಅದು ಹೌದು." ಆಮೇಲೆ ಬೇರೆ ಪ್ರಶ್ನೆ ಕೇಳಲಿಲ್ಲ. ಸೈಕಲನ್ನು ಗೋಡೆಗೆ ಒರಗಿಸಿ, ಫ್ರೇಮಿನ ಹಿಂದೆ ನ್ಯೂಸ್‌ಪೇಪರ್ ಹಿಡಿದು ಪೆನ್ಸಿಲಿನಿಂದ ಒಳಗಿನ ಅಂಚು ಗೀಚಿದರು. ಗೇರಿನ ಕೇಬಲ್ ಹೋಗುವ ಜಾಗದಲ್ಲಿ ಒಂದು ಗುರುತು, ನೀರಿನ ಬಾಟಲಿ ಸ್ಟ್ಯಾಂಡಿನ ಸ್ಕ್ರೂ ಇರುವ ಕಡೆ ಇನ್ನೊಂದು. ಕಾಗದ ಕತ್ತರಿಸಿ ಮತ್ತೆ ಒಳಗಿಟ್ಟು ನೋಡಿದರು. ನಾನು ಮನೆಯಲ್ಲಿ ಟೇಪು ಹಿಡಿದು ಬರೆದುಕೊಂಡು ಹೋಗಿದ್ದ ಅಳತೆಯ ಚೀಟಿ ನೋಡಲೇ ಇಲ್ಲ. ಸೀಟು ಹೊಲಿಯುವವರ ಕಣ್ಣು ಅದು, ಚೀಟಿ ಏಕೆ ಬೇಕು?

ಮೊದಲು ಫ್ರೇಮ್ ಬ್ಯಾಗಿನ ವಿಷಯ. ಮೂರರಲ್ಲಿ ಜಾಸ್ತಿ ಉಪಯೋಗಕ್ಕೆ ಬಂದದ್ದು ಇದೇ. ಭಾರದ ಸಾಮಾನು ಎರಡು ಚಕ್ರದ ನಡುವೆ, ಕೆಳಗೆ ಕೂತರೆ ಸೈಕಲ್ ತೂಗಾಡುವುದಿಲ್ಲ. ನೀರು, ಸ್ಪ್ಯಾನರು, ಪಂಪು ಎಲ್ಲ ಇದರಲ್ಲೇ. ಮೊದಲು ಹೊಲಿದಾಗ ಅಗಲ ಮೂರೂವರೆ ಇಂಚು ಇತ್ತು. ತುಳಿಯುವಾಗ ಮೊಣಕಾಲಿನ ಒಳಬದಿ ಉಜ್ಜುತ್ತಿತ್ತು. ವಾಪಸ್ ಕೊಂಡುಹೋದೆ, ಬಿಚ್ಚಿ ಎರಡೂವರೆ ಇಂಚು ಮಾಡಿಕೊಟ್ಟರು. ದುಡ್ಡು ತೆಗೆದುಕೊಳ್ಳಲಿಲ್ಲ. ತುಂಬಿಸಿದರೆ ಹೊಟ್ಟೆ ಉಬ್ಬುವುದನ್ನು ತಡೆಯಲು ಒಳಗೆ ಎರಡೂ ಬದಿಯ ಬಟ್ಟೆಯನ್ನು ಜೋಡಿಸುವ ಒಂದು ಅಡ್ಡ ಪಟ್ಟಿ ಹಾಕಿದರು. ಇದು ಅವರದ್ದೇ ಯೋಚನೆ. ಅಳಿಯನ ಬೆಲೆಬಾಳುವ ಬ್ಯಾಗಿನಲ್ಲೂ ಇದೇ ಉಪಾಯ ಇದೆ ಎಂದು ಆಮೇಲೆ ನೋಡಿದೆ. ಬೆಲ್ಟು ಕೂರುವ ಮೂಲೆಗಳಿಗೆ ಮೆಷಿನ್ ಹೊಲಿಗೆ ಸಾಲದು ಎಂದು ಮಲ್ಪೆ ಬಂದರಿನಿಂದ ತಂದ ಬಲೆಯ ನೈಲಾನ್ ನೂಲಿನಿಂದ ಕೈಯಲ್ಲೇ ಮತ್ತೊಂದು ಸಲ ಹೊಲಿದಿದ್ದಾರೆ. ವರ್ಷ ಆಯಿತು, ಒಂದು ಎಳೆ ಬಿಟ್ಟಿಲ್ಲ.

ಹ್ಯಾಂಡಲ್ ಬ್ಯಾಗು ಸುಮ್ನೆ ಒಂದು ಕೊಳವೆ. ಎರಡೂ ತುದಿ ತೆರೆದಿರುತ್ತದೆ, ಮಡಚಿ ಮಡಚಿ ಬಕಲ್ ಹಾಕುವುದು. ಝಿಪ್ಪೇ ಇಲ್ಲ. ಕೆಡಲು ಏನೂ ಇಲ್ಲ, ಹೇಳಲೂ ಏನೂ ಇಲ್ಲ.

ಸೀಟ್ ಬ್ಯಾಗು ಮಾತ್ರ ನನಗೆ ಇವತ್ತಿಗೂ ಪೂರ್ತಿ ಒಪ್ಪಿಗೆ ಇಲ್ಲ. ಎದ್ದು ನಿಂತು ತುಳಿದರೆ ಬಾಲ ಆಡಿಸುತ್ತದೆ. ಅರ್ಧ ತುಂಬಿಸಿದರೆ ಇನ್ನೂ ಜಾಸ್ತಿ. ಬ್ಯಾಗಿನ ತಳಕ್ಕೆ ಒಡೆದ ಬಕೆಟಿನಿಂದ ಕತ್ತರಿಸಿದ ಪ್ಲಾಸ್ಟಿಕ್ ತುಂಡು ಇಟ್ಟು ಹೊಲಿದ ಮೇಲೆ ಸ್ವಲ್ಪ ತಗ್ಗಿತು. ಹಗುರದ ಬಟ್ಟೆಯನ್ನು ಮಾತ್ರ ಒತ್ತಿ ತುಂಬಿಸಿ, ಬೆಲ್ಟನ್ನು ಸೀಟಿನ ಕೆಳಗಿನ ಕಂಬಿಗೆ ಎರಡು ಸುತ್ತು ಬಿಗಿದರೆ ಪರವಾಗಿಲ್ಲ. ಸೀಟಿನಿಂದ ಟಯರಿಗೆ ಒಂದು ಗೇಣು ಜಾಗ ಇಲ್ಲದ ಗಿಡ್ಡ ಸೈಕಲಿನವರು ಇದನ್ನು ಹೊಲಿಸುವುದೇ ಬೇಡ. ಕ್ಯಾರಿಯರ್ ಹಾಕಿಸಿ, ರಬ್ಬರ್ ಬೆಲ್ಟಿನಿಂದ ಒಂದು ಚೀಲ ಕಟ್ಟಿ, ಹೊರಡಿ. ಬೈಕ್‌ಪ್ಯಾಕಿಂಗ್ ಅಲ್ಲ ಎಂದು ಯಾರಾದರೂ ಹೇಳಿದರೆ ಹೇಳಲಿ. ನಮ್ಮ ಕಡೆ ಐಸ್ ಹಾಕಿದ ಮೀನಿನ ಪೆಟ್ಟಿಗೆಯನ್ನು ಕ್ಯಾರಿಯರಿಗೆ ಕಟ್ಟಿ, ಹಾರ್ನ್ ಹೊಡೆಯುತ್ತ ಗುಡ್ಡೆ ಹತ್ತಿ ಇಳಿದವರು ಯಾವ ಬ್ಯಾಗೂ ತರಿಸಿರಲಿಲ್ಲ.

ಇನ್ನು ಮಳೆ. ನಮ್ಮಲ್ಲಿ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ, ಅದರಲ್ಲಿ ಮುಕ್ಕಾಲು ಪಾಲಿಗೂ ಜಾಸ್ತಿ ಜೂನಿನಿಂದ ಸೆಪ್ಟೆಂಬರಿನೊಳಗೆ. ಟರ್ಪಾಲಿನ ಒಳಗೆ ಒಂದು ಹನಿ ಹೋಗುವುದಿಲ್ಲ. ಹೊಲಿಗೆಯ ತೂತಿನಲ್ಲಿ ಹೋಗುತ್ತದೆ. ಸೂಜಿ ಹೋದ ಕಡೆ ನೀರೂ ಹೋಗುತ್ತದೆ, ಎಷ್ಟೇ ದಪ್ಪ ಬಟ್ಟೆ ಇರಲಿ. ಬೆಲೆಬಾಳುವ ಬ್ಯಾಗುಗಳಲ್ಲಿ ಹೊಲಿಗೆಯ ಬದಲು ಬಿಸಿಯಲ್ಲಿ ಅಂಟಿಸಿರುತ್ತಾರೆ, ಅದಕ್ಕೇ ಆ ಬೆಲೆ. ಅಣ್ಣ ಒಳಗಿನಿಂದ ಹೊಲಿಗೆಯ ಮೇಲೆ ಪಂಕ್ಚರ್ ಸೊಲ್ಯೂಷನ್ ಹಚ್ಚಿ ನೋಡಿದರು. ಎರಡು ವಾರಕ್ಕೆ ಸಿಪ್ಪೆ ಎದ್ದು ಬಂತು. ಕೊನೆಗೆ ನಾನು ಕಂಡುಕೊಂಡ ದಾರಿ ಎಂದರೆ ಒಳಗೊಂದು ದಪ್ಪ ಪ್ಲಾಸ್ಟಿಕ್ ತೊಟ್ಟೆ. ಬಟ್ಟೆಯನ್ನು ತೊಟ್ಟೆಗೆ ಹಾಕಿ ಬಾಯಿ ತಿರುಚಿ ಬ್ಯಾಗಿಗೆ ತುರುಕುವುದು. ಜುಲೈಯಲ್ಲಿ ಬ್ರಹ್ಮಾವರದಿಂದ ಉಡುಪಿ ತನಕ ಮುಖಕ್ಕೆ ರಾಚುವ ಮಳೆಯಲ್ಲಿ ಬಂದೆ. ನಾನು ಒದ್ದೆ ಕೋಳಿ. ಬೈರಾಸು ಒಣಗಿತ್ತು.

ಮಳೆಗಿಂತ ದೊಡ್ಡ ವೈರಿ ಉಪ್ಪು. ಹೊರದೇಶದವರು ಮಾಡುವ ಬ್ಯಾಗಿನ ಪರೀಕ್ಷೆಗಳಲ್ಲಿ ಇದರ ಮಾತು ಅಷ್ಟಾಗಿ ಕಾಣುವುದಿಲ್ಲ, ನಮಗೆ ಮಾತ್ರ ದಿನದ ಪಾಡು. ಮೊದಲು ಹಾಕಿದ್ದು ಲೋಹದ ಝಿಪ್ಪು. ಕಡಲ ಬದಿಯ ಪಡುಕೆರೆ ಕಡೆ ನಾಲ್ಕಾರು ಸಲ ಹೋಗಿ ಬರುವುದರೊಳಗೆ ಬಿಳಿ ಹುಡಿ ಹಿಡಿದು ಹಲ್ಲು ಕಚ್ಚಿಕೊಂಡಿತು. ಎಳೆದರೆ ಬರುವುದಿಲ್ಲ. ಬದಲಿಗೆ ದಪ್ಪ ಹಲ್ಲಿನ ಪ್ಲಾಸ್ಟಿಕ್ ಝಿಪ್ಪು ಹಾಕಿಸಿದೆ, 80 ರೂಪಾಯಿ ಬೇರೆ. ಎಳೆಯುವ ಗುಂಡಿ ಮಾತ್ರ ಈಗಲೂ ಲೋಹದ್ದೇ, ತಿಂಗಳಿಗೊಮ್ಮೆ ಮೇಣದಬತ್ತಿ ಉಜ್ಜುತ್ತೇನೆ. ಕಡಲ ಬದಿಗೆ ಹೋಗಿ ಬಂದ ದಿನ ಸೈಕಲಿಗೂ ಬ್ಯಾಗಿಗೂ ಬಾವಿ ನೀರು ಹೊಯ್ದು, ಚೈನು ಒರೆಸಿ ಎಣ್ಣೆ ಬಿಡಬೇಕು. ಸುಸ್ತಾಗಿದೆ, ನಾಳೆ ನೋಡೋಣ ಎಂದರೆ ಬೆಳಿಗ್ಗೆ ಚೈನಿನ ಮೇಲೆ ಕೆಂಪು ಕಾಣಿಸುತ್ತದೆ.

ಇಷ್ಟೆಲ್ಲ ಯಾವುದಕ್ಕಾಗಿ ಎಂದು ಕೇಳಿದರೆ, ಆ ಪಡುಕೆರೆ ರಸ್ತೆಗಾಗಿ. ಮಲ್ಪೆಯಿಂದ ಸೇತುವೆ ದಾಟಿದರೆ ಶುರು. ದಕ್ಷಿಣಕ್ಕೆ ತಿರುಗಿದರೆ ಬಲಕ್ಕೆ ಕಡಲು, ಎಡಕ್ಕೆ ಹೊಳೆ, ನಡುವೆ ಒಂದು ತೆಳ್ಳಗಿನ ನೆಲದ ಪಟ್ಟಿ, ಅದರ ಮೇಲೆ ರಸ್ತೆ, ತೆಂಗು, ಮನೆಗಳು. ರಸ್ತೆ ಸಪಾಟು. ಏರು ಇಲ್ಲ, ಇಳಿತ ಇಲ್ಲ, ಟ್ರಾಫಿಕ್ ಎಂದರೆ ಮೀನಿನ ಟೆಂಪೋ ಮತ್ತು ಶಾಲೆಯ ಮಕ್ಕಳು. ಅಂಗಳದಲ್ಲಿ ಬಲೆ ಹರಡಿ ತೂತು ಹೊಲಿಯುತ್ತ ಕೂತವರು ಬ್ಯಾಗು ನೋಡಿ ಮಾತಾಡಿಸುತ್ತಾರೆ. ಬಲೆ ಹೊಲಿಯುವವರಿಗೆ ಹೊಲಿಗೆ ಗೊತ್ತು. ಒಬ್ಬರು ಮೂಲೆಯ ನೂಲು ಮುಟ್ಟಿ ನೋಡಿ, "ಇದು ನಮ್ಮದೇ ನೂಲಲ್ಲವಾ ಮಾರಾಯ್ರೆ" ಎಂದರು. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ ಇರುತ್ತದೆ, 61 ದಿನ. ಆ ಹೊತ್ತಲ್ಲಿ ಹೋದರೆ ಮಾತಿಗೆ ಎಲ್ಲರಿಗೂ ಪುರುಸೊತ್ತು. ಕಡಲು ಮಾತ್ರ ಕಲ್ಲಿನ ತಡೆಗೋಡೆ ಹಾರಿ ರಸ್ತೆಗೇ ಬರುತ್ತದೆ, ಬಲಬದಿ ಜಾಗ್ರತೆ.

ಮುಂದೆ ಮಟ್ಟು. ಗುಳ್ಳ ಬದನೆಯ ಊರು. ಸೋದೆ ಮಠದ ವಾದಿರಾಜರು ಬೀಜ ಕೊಟ್ಟದ್ದೆಂದು ಇಲ್ಲಿನವರ ನಂಬಿಕೆ. 2011ರಲ್ಲಿ ಭೌಗೋಳಿಕ ಗುರುತೂ (ಜಿಐ) ಸಿಕ್ಕಿತು. ಚಳಿಗಾಲದಲ್ಲಿ ಹೋದರೆ ಗದ್ದೆಯ ಹತ್ತಿರವೇ ಸಿಗುತ್ತದೆ. ಫ್ರೇಮ್ ಬ್ಯಾಗಿನಲ್ಲಿ ನೀರಿನ ಬಾಟಲಿ ತೆಗೆದರೆ ಒಂದು ಕಿಲೋ ಗುಳ್ಳ ಸಲೀಸಾಗಿ ಕೂರುತ್ತದೆ. ಇದು ನಾನು ಮಾಡುವ ಮುಖ್ಯ ಪರೀಕ್ಷೆ, ನಗಬೇಡಿ. ಒಂದು ಬ್ಯಾಗು ಎಷ್ಟು ಲೀಟರ್ ಎಂದು ಹೇಳಿದರೆ ನನಗೆ ಅಂದಾಜಾಗುವುದಿಲ್ಲ, ಎಷ್ಟು ಗುಳ್ಳ ಎಂದರೆ ಆಗುತ್ತದೆ. ಮನೆಗೆ ಬಂದು ನೋಡಿದರೆ ಒಂದಕ್ಕೂ ಪೆಟ್ಟಿಲ್ಲ. ಮರುದಿನ ಬೋಳುಹುಳಿ.

ಹಾಗೇ ಮುಂದೆ ಹೋದರೆ ಕಾಪು, ಬಂಡೆಯ ಮೇಲೆ 1901ರ ದೀಪಸ್ತಂಭ. ಅಲ್ಲಿ ರಜಾದಿನ ಜನ ಜಾಸ್ತಿ. ನಾನು ಬೊಂಡ ಕುಡಿದು ತಿರುಗುತ್ತೇನೆ. ಒಂದು ಸಣ್ಣ ಲೆಕ್ಕ: ಬಿಸಿಲುಗಾಲದಲ್ಲಿ ಮಧ್ಯಾಹ್ನ ಮೇಲೆ ಕಡಲಗಾಳಿ ವಾಯವ್ಯದಿಂದ ಬೀಸುತ್ತದೆ. ಕಾಪುವಿನಿಂದ ಸಂಜೆ ಉಡುಪಿಗೆ ಬರುವುದೆಂದರೆ ಎದುರುಗಾಳಿ. ದಕ್ಷಿಣದ ಕಡೆ ಹೋಗುವುದಾದರೆ ಬೆಳಿಗ್ಗೆ ಹೋಗಿ ಬೆಳಿಗ್ಗೆಯೇ ಬನ್ನಿ. ಹ್ಯಾಂಡಲ್ ಬ್ಯಾಗು ಅಗಲವಾದಷ್ಟೂ ಗಾಳಿ ಹಿಡಿಯುತ್ತದೆ, ನನ್ನದು ಹ್ಯಾಂಡಲಿಗಿಂತ ಸ್ವಲ್ಪ ಉದ್ದವೇ ಆಗಿದೆ. ಹೊಲಿಸುವವರು ಎರಡಿಂಚು ಕಡಿಮೆ ಹೇಳಿ.

ರಾತ್ರಿ ಉಳಿಯುವ ಸವಾರಿಗೆ ನನ್ನ ಆಯ್ಕೆ ಉತ್ತರ. ಗೆಳತಿಯ ಮನೆ ತ್ರಾಸಿಯಲ್ಲಿದೆ, ಮರವಂತೆಗೆ ಹತ್ತಿರ. ಹೆದ್ದಾರಿಯಲ್ಲಿ ಹೋದರೆ ಉಡುಪಿಯಿಂದ 50 ಕಿ.ಮೀ. ಆಸುಪಾಸು. ಹೆದ್ದಾರಿ 66 ನಾಲ್ಕು ಲೇನು ಆದ ಮೇಲೆ ಸೈಕಲಿಗೆ ಬದಿಯಲ್ಲಿ ಜಾಗ ಇದೆ. ಆದರೆ ಎಕ್ಸ್‌ಪ್ರೆಸ್ ಬಸ್ಸು ಹಾರ್ನ್ ಹೊಡೆಯುತ್ತ ಪಕ್ಕದಲ್ಲಿ ಹೋದರೆ ಆ ಗಾಳಿಗೇ ಸೈಕಲ್ ಅಲುಗುತ್ತದೆ. ನಾನು ಆದಷ್ಟು ಕಡಲ ಬದಿಯಲ್ಲೇ ಹೋಗುವವಳು. ಮಲ್ಪೆಯಿಂದ ಕೆಮ್ಮಣ್ಣು, ಹೂಡೆ, ಕೋಡಿ ಬೆಂಗ್ರೆ. ಅಲ್ಲಿ ಸೀತಾ, ಸುವರ್ಣಾ ಎರಡೂ ನದಿ ಕಡಲು ಸೇರುತ್ತವೆ, ರಸ್ತೆ ಮುಗಿಯುತ್ತದೆ. ಆಚೆ ದಡ ಹಂಗಾರಕಟ್ಟೆ. ದಾಟಲು ದೋಣಿ ಇದೆಯಾ ಎಂದು ಹೊರಡುವ ಮೊದಲೇ ಊರಿನವರಲ್ಲಿ ಕೇಳಿಕೊಳ್ಳಿ. ಇಲ್ಲದಿದ್ದರೆ ಬಂದ ದಾರಿಯಲ್ಲೇ ಕೆಮ್ಮಣ್ಣಿಗೆ ವಾಪಸ್ಸು. ಸೈಕಲನ್ನು ಎತ್ತಿ ದೋಣಿಗೆ ಇಳಿಸುವಾಗ ಈ ಬ್ಯಾಗುಗಳ ಬೆಲೆ ತಿಳಿಯಿತು. ಬದಿಗೆ ಏನೂ ನೇತಾಡುವುದಿಲ್ಲ. ಫ್ರೇಮಿನ ಮೇಲಿನ ಕಂಬಿಯ (ಟಾಪ್ ಟ್ಯೂಬ್) ಕೆಳಗೆ ಬೆರಳು ತೂರುವಷ್ಟು ಜಾಗ ಬಿಟ್ಟು ಹೊಲಿದಿದ್ದಾರೆ, ಕೈ ಹಾಕಿ ಎತ್ತಬಹುದು. ಹಂಗಾರಕಟ್ಟೆಯಿಂದ ಸಾಸ್ತಾನಕ್ಕೆ ಬಂದರೆ ಮತ್ತೆ ಹೆದ್ದಾರಿ. ಕೋಟ, ಕುಂದಾಪುರ, ತ್ರಾಸಿ, ಅದು ದಾಟಿದರೆ ಮರವಂತೆ. ಅಲ್ಲಿ ಎಡಕ್ಕೆ ಕಡಲು, ಬಲಕ್ಕೆ ಸೌಪರ್ಣಿಕಾ. ಆ ಜಾಗವನ್ನು ಬಸ್ಸಿನಲ್ಲಿ ಕೂತು ನೋಡಿದವರಿಗೆ ಅದು ಎರಡು ನಿಮಿಷದಲ್ಲಿ ಮುಗಿಯುತ್ತದೆ. ಸೈಕಲಿನಲ್ಲಿ ಮುಗಿಯುವುದಿಲ್ಲ, ಮುಗಿಸುವ ಅರ್ಜೆಂಟೂ ಇರುವುದಿಲ್ಲ. ತಿರುಗಿ ತ್ರಾಸಿಗೆ ಮುಟ್ಟುವಾಗ ಕತ್ತಲಾಗಿತ್ತು. ಗೆಳತಿಯ ಅತ್ತೆ ಬ್ಯಾಗು ನೋಡಿ, "ಗ್ಯಾಸ್ ಸಿಲಿಂಡರ್ ಕಟ್ಟಿಕೊಂಡು ಬಂದೆಯಾ?" ಎಂದರು. ನೀಲಿ ಬಣ್ಣದ ತಪ್ಪು.

ಅಳಿಯನ ಬ್ಯಾಗಿಗೂ ನನ್ನದಕ್ಕೂ ನ್ಯಾಯವಾಗಿ ಹೋಲಿಸಬೇಕಲ್ಲ. ಅವನದ್ದು ನನ್ನ ಸೀಟ್ ಬ್ಯಾಗಿನ ಅರ್ಧ ತೂಕ ಇಲ್ಲ. ನೀರು ಒಳಗೆ ಹೋಗುವುದಿಲ್ಲ, ಬಾಲ ಆಡಿಸುವುದೂ ಕಡಿಮೆ. ಟರ್ಪಾಲು ಮಡಚುವ ಕಡೆ ನನ್ನದಕ್ಕೆ ಈಗಲೇ ಬಿಳಿ ಗೆರೆ ಬಿದ್ದಿದೆ, ಇನ್ನೆರಡು ಬೇಸಿಗೆಗೆ ಬಿರುಕು ಬಿಡಬಹುದು. ಅವನು ಬಿಆರ್‌ಎಂ ಎಂಬ, ದೂರದ ದಾರಿಯನ್ನು ಗೊತ್ತಾದ ಸಮಯದೊಳಗೆ ಮುಗಿಸುವ ಸವಾರಿಗೆ ತಯಾರಾಗುತ್ತಿದ್ದಾನೆ. 200 ಕಿಲೋಮೀಟರನ್ನು ಹದಿಮೂರೂವರೆ ಗಂಟೆಯೊಳಗೆ ಮುಗಿಸಬೇಕು, ಊಟ ತಿಂಡಿ ಪಂಕ್ಚರು ಎಲ್ಲ ಆ ಲೆಕ್ಕದಲ್ಲೇ. ಅಂಥವನಿಗೆ ನೂರು ಗ್ರಾಮೂ ಮುಖ್ಯ. ನಾವಿಬ್ಬರೂ ಡಿಸೆಂಬರಿನಲ್ಲಿ ಹೆಬ್ರಿ ದಾಟಿ ಸೋಮೇಶ್ವರಕ್ಕೆ ಹೋದೆವು. ಅಲ್ಲಿಂದ ಆಗುಂಬೆ ಘಾಟಿ, 14 ಹೇರ್‌ಪಿನ್ ತಿರುವು. ಅವನು ಹತ್ತಿದ. ನಾನು ಮೂರನೇ ತಿರುವಿನ ತನಕ ಹೋಗಿ, ನನ್ನ ಸೀಟ್ ಬ್ಯಾಗು ಹಿಂದಕ್ಕೆ ಎಳೆಯುವುದು ಸಾಕೆನಿಸಿ, ಇಳಿದು ಬಂದು ಹೋಟೆಲಿನಲ್ಲಿ ಬನ್ಸು ತಿಂದೆ.

"ಅತ್ತೆ, ಮೇಲಿಂದ ಎಂಥ ನೋಟ ಗೊತ್ತುಂಟಾ?" ಎಂದ ವಾಪಸ್ ಬಂದು.

"ಬನ್ಸು ಬಿಸಿ ಇತ್ತು" ಎಂದೆ.

ಆದರೆ ಅವನ ಬ್ಯಾಗಿನ ಬಕಲ್ ಒಂದು ಆವತ್ತೇ ಮುರಿದಿತ್ತು. ಅದೇ ಅಳತೆಯದ್ದು ಮಂಗಳೂರಿನಲ್ಲಿ ಸಿಗಲಿಲ್ಲ, ಕಂಪನಿಗೆ ಬರೆದು ಕಾಯುತ್ತ ಕೂತ. ನಾನು ಕರೆದುಕೊಂಡು ಹೋದೆ. ಅಣ್ಣ ಪೆಟ್ಟಿಗೆಯಿಂದ ಶಾಲೆ ಬ್ಯಾಗಿನ ಬಕಲ್ ಹುಡುಕಿ, ಪಟ್ಟಿ ಸ್ವಲ್ಪ ಮಡಚಿ ಹೊಲಿದು, 20 ರೂಪಾಯಿ ತೆಗೆದುಕೊಂಡರು. ಇವನು ಹೋದ ಮೇಲೆ ಆ ಬೆಲೆಬಾಳುವ ಬ್ಯಾಗಿನ ಹೊಲಿಗೆ ಹೇಗಿದೆ ಎಂದು ಕೇಳಿದೆ. "ಹೊಲಿಗೆ ಎಲ್ಲಿದೆ ಅಕ್ಕ, ಎಲ್ಲ ಗಮ್ಮು" ಎಂದರು.

ಹೊಲಿಸುವವರಿಗೆ ಕೆಲವು ಮಾತು. ಏಪ್ರಿಲ್, ಮೇ ತಿಂಗಳಲ್ಲಿ ಯಾವ ಕುಶನ್ ಅಂಗಡಿಗೂ ಹೋಗಬೇಡಿ. ಮಳೆಗೆ ಮೊದಲು ಎಲ್ಲರಿಗೂ ಟರ್ಪಾಲು, ಹುಡ್ಡು, ಪರದೆ ಬೇಕು, ನಿಮ್ಮ ಸೈಕಲನ್ನು ನೋಡುವವರೂ ಇಲ್ಲ. ಜೂನ್ ಎರಡನೇ ವಾರ ಆದ ಮೇಲೆ ಹೋಗಿ. ಸೈಕಲನ್ನೇ ಕೊಂಡುಹೋಗಿ, ಒಂದು ದಿನ ಬಿಟ್ಟು ಬನ್ನಿ. ಟರ್ಪಾಲು ಕೇಳುವಾಗ ಮನೆ ಮಾಡಿಗೆ ಹಾಕುವ ಹೆಣೆದ ಪ್ಲಾಸ್ಟಿಕ್ ತೆಗೆದುಕೊಳ್ಳಬೇಡಿ, ಅದು ಬಿಸಿಲಿಗೆ ಎಳೆಎಳೆಯಾಗಿ ಉದುರುತ್ತದೆ. ಎರಡೂ ಬದಿ ನುಣುಪಾದ, ನಡುವೆ ನೂಲು ಇರುವ ಲಾರಿ ಟರ್ಪಾಲೇ ಆಗಬೇಕು. ಫ್ರೇಮಿಗೆ ತಾಗುವ ವೆಲ್ಕ್ರೋ ಪಟ್ಟಿಯ ಕೆಳಗೆ ಹಳೇ ಟ್ಯೂಬಿನ ತುಂಡು ಸುತ್ತಿ, ಇಲ್ಲದಿದ್ದರೆ ಮರಳು ಸಿಕ್ಕಿ ಪೇಂಟು ಕೆರೆಯುತ್ತದೆ, ಸ್ಟೀಲ್ ಫ್ರೇಮಿನಲ್ಲಿ ಪೇಂಟು ಹೋದ ಕಡೆ ತುಕ್ಕು. ಬಣ್ಣ ಹಳದಿ ಸಿಕ್ಕಿದರೆ ಹಳದಿಯೇ ಇರಲಿ, ಮಳೆಯ ಕತ್ತಲಲ್ಲಿ ಬಸ್ಸಿನವರಿಗೆ ಕಾಣುತ್ತದೆ. ಚರ್ಚೆ ಮಾಡಿ ಬೆಲೆ ಇಳಿಸಬೇಡಿ. ಕೂಲಿ ಲೆಕ್ಕ ಹಾಕಿದರೆ 1,900ರಲ್ಲಿ ಅವರಿಗೆ ಉಳಿದದ್ದು ಬಹಳ ಇಲ್ಲ. ಈಗ ಕೇಳಿದರೆ 2,300 ಹೇಳುತ್ತಾರೆ, ಅದೂ ಸರಿಯಾದ ಬೆಲೆಯೇ.

ಅಂಕ ಕೊಡಬೇಕೆಂದರೆ ಫ್ರೇಮ್ ಬ್ಯಾಗಿಗೆ ಐದರಲ್ಲಿ ನಾಲ್ಕೂವರೆ, ಝಿಪ್ಪು ಬದಲಿಸಿದ ಮೇಲೆ. ಹ್ಯಾಂಡಲ್ ಬ್ಯಾಗಿಗೆ ನಾಲ್ಕು. ಸೀಟ್ ಬ್ಯಾಗಿಗೆ ಎರಡೂವರೆ, ಅದರಲ್ಲಿ ಅರ್ಧ ಆ ಬಕೆಟಿನ ತುಂಡಿಗೆ. ಇದನ್ನು ಬಿಚ್ಚಿಸಿ ಗಿಡ್ಡ ಮಾಡಿಸುವ ಯೋಚನೆ ಇದೆ. ಹೇಳಿ ಬಂದಿದ್ದೇನೆ. ಕೃಷ್ಣಾಷ್ಟಮಿಯ ವಿಟ್ಲಪಿಂಡಿ ಕಳೆಯಲಿ, ಆಮೇಲೆ ಸೈಕಲ್ ತೆಗೆದುಕೊಂಡು ಬನ್ನಿ ಎಂದಿದ್ದಾರೆ.